ಗುಮಾಸ್ತರ ಬಿಳಿ ಬೆಲ್ಟು

ನಾಗರಾಜಪ್ಪನವರಿಗೆ ಸಕ್ಕರೆ ಕಾಯಿಲೆ ಇನ್ನೂ ಬಂದಿರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದೆ, ನೀವು ಒಳಗೆ ಕರೆಯುವುದೊಂದೇ ಬಾಕಿ ಎಂದು ಹೊನ್ನಾಳಿಯ ಡಾಕ್ಟರು ಹೇಳಿದ್ದರು. ಮಾತ್ರೆ ಬರೆಯಲಿಲ್ಲ. ದಿನಾ ಬೆವರು ಬರುವಷ್ಟು ನಡೆಯಿರಿ ಎಂದು ಹೇಳಿ ಕಳಿಸಿದರು. ನಾಗರಾಜಪ್ಪ ಹೇಳಿದ ಮಾತು ಕೇಳುವ ಮನುಷ್ಯ. ಮರುದಿನವೇ ಬೆಳಕು ಹರಿಯುವ ಹೊತ್ತಿಗೆ ಮಫ್ಲರ್ ಸುತ್ತಿಕೊಂಡು ರಸ್ತೆಗಿಳಿದರು. ಮೊದಲ ತಿರುವಿನಲ್ಲೇ ನಾಯಿಗಳು ಎದುರಾದವು. ಬೆವರೇನೋ ಬಂತು, ಆದರೆ ಡಾಕ್ಟರು ಹೇಳಿದ ಬೆವರು ಅದಲ್ಲ. ಅಲ್ಲಿಗೆ ಅವರ ವಾಕಿಂಗ್ ಮುಗಿಯಿತು.

ನ್ಯಾಮತಿಯ ಅಂಚಿನಲ್ಲಿರುವ ಒಂದು ಪ್ರೌಢಶಾಲೆಯಲ್ಲಿ ಅವರು ಗುಮಾಸ್ತರು. ವಯಸ್ಸು ಐವತ್ತು ದಾಟಿತ್ತು. ಕೆಲಸದಲ್ಲಿ ಒಂದು ತಪ್ಪು ಹುಡುಕುವ ಹಾಗಿಲ್ಲ, ದನಿ ಎತ್ತಿ ಮಾತನಾಡಿದ್ದನ್ನು ಯಾರೂ ಕೇಳಿಲ್ಲ. ಒಂದು ವಿಚಿತ್ರ ಮಾತ್ರ ಹುಟ್ಟಿನಿಂದ ಅಂಟಿಕೊಂಡಿತ್ತು. ಏನಾದರೂ ಮುಖದ ಕಡೆ ಬಂತೆಂದರೆ ಅವರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಚೆಂಡಾಗಲಿ, ಪಟಾಕಿಯಾಗಲಿ, ಕ್ಷೌರದವನ ಕತ್ತಿಯಾಗಲಿ, ಕೊನೆಗೆ ಒಗ್ಗರಣೆಯಿಂದ ಸಿಡಿದ ಸಾಸಿವೆಯಾಗಲಿ, ಎಲ್ಲಕ್ಕೂ ಅದೇ ಕಥೆ. ಚಿಕ್ಕಂದಿನಲ್ಲಿ ಹುಡುಗರು ಅವರನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ತನ್ನ ಗುಣವೇ ಇಷ್ಟು ಎಂದು ಅವರೂ ಒಪ್ಪಿಕೊಂಡು ಕುರ್ಚಿ ಹಿಡಿದು ಕೂತಿದ್ದರು.

ಆ ವರ್ಷ ಶಾಲೆಗೆ ಕರಾಟೆ ಬಂತು. ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಬೇಕೆಂದು ಮುಖ್ಯೋಪಾಧ್ಯಾಯಿನಿ ಜ್ಯೋತಿಲಕ್ಷ್ಮಿ ಮೇಡಂ ಓಡಾಡಿ ಹೊನ್ನಾಳಿಯಿಂದ ಒಬ್ಬ ಹುಡುಗಿಯನ್ನು ಕರೆತಂದರು. ಕಾವ್ಯಶ್ರೀ ಎಂದು ಹೆಸರು. ನೋಡಲು ಕಡ್ಡಿಯಂತಿದ್ದಳು, ಸೊಂಟಕ್ಕೆ ಕಪ್ಪು ಬೆಲ್ಟು. ವಾರದಲ್ಲಿ ಕೆಲವು ಸಂಜೆ, ಶಾಲೆ ಬಿಟ್ಟ ಮೇಲೆ ಬಸ್ಸಿನಲ್ಲಿ ಬಂದು ಅಂಗಳದಲ್ಲಿ ತರಗತಿ ನಡೆಸುತ್ತಿದ್ದಳು. ಹುಡುಗಿಯರ ಹಿಂದೆಯೇ ಹುಡುಗರೂ ಸೇರಿದರು. ಗೇಟಿನ ಬೀಗದ ಕೈ ಗುಮಾಸ್ತರ ಹತ್ತಿರ ಇದ್ದುದರಿಂದ ತರಗತಿ ಮುಗಿಯುವವರೆಗೆ ನಾಗರಾಜಪ್ಪ ಜಗಲಿಯ ಮೇಲೆ ಕೂತು ಆಕಳಿಸಬೇಕಾಯಿತು.

ಒಂದು ಸಂಜೆ ಕಾವ್ಯಶ್ರೀ ಅವರ ಮುಂದೆ ಬಂದು ನಿಂತಳು. ಸುಮ್ಮನೆ ಕೂರುವ ಬದಲು ಮಕ್ಕಳ ಜೊತೆ ಕೈಕಾಲು ಆಡಿಸಬಹುದಲ್ಲ ಸರ್ ಎಂದಳು. ನಾಗರಾಜಪ್ಪ ಅತ್ತ ಇತ್ತ ನೋಡಿದರು. ಮೇಷ್ಟ್ರುಗಳೆಲ್ಲ ಮನೆಗೆ ಹೋಗಿಯಾಗಿತ್ತು. ಚಪ್ಪಲಿ ಬಿಟ್ಟು, ಪ್ಯಾಂಟಿನ ತುದಿ ಮಡಚಿ, ಕೊನೆಯ ಸಾಲಿನಲ್ಲಿ ಹೊಂಗೆ ಮರದ ಹಿಂದೆ ನಿಂತರು. ಅಲ್ಲಿ ನಿಂತರೆ ರಸ್ತೆಯಲ್ಲಿ ಹೋಗುವವರಿಗೆ ಅವರ ಒಂದು ಕೈ ಮಾತ್ರ ಕಾಣುತ್ತಿತ್ತು.

ಮುಷ್ಟಿ ಕಟ್ಟಲೂ ಅವರಿಗೆ ಬರುತ್ತಿರಲಿಲ್ಲ ಎಂಬುದು ಅಂದೇ ಗೊತ್ತಾಯಿತು. ಅವರು ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಬಚ್ಚಿಡುತ್ತಿದ್ದರು. ಒಂಬತ್ತನೇ ತರಗತಿಯ ಮಾಲಾ ಬಂದು, ಹೀಗೆ ಹೊಡೆದರೆ ಹೆಬ್ಬೆರಳೇ ಮುರಿಯುತ್ತದೆ ಸರ್ ಎಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಿಯಾಗಿ ಕಟ್ಟಿದಳು. ಬಸ್ ಪಾಸಿನ ಸಹಿಗೆಂದು ಅವರ ಮೇಜಿನ ಮುಂದೆ ಹೆದರಿ ನಿಲ್ಲುತ್ತಿದ್ದ ಹುಡುಗಿ ಅವಳು. ಇಲ್ಲಿ ಅವಳೇ ಹಿರಿಯಳು, ಮೊದಲೇ ಹೊನ್ನಾಳಿಯಲ್ಲಿ ಕಲಿತು ಕಿತ್ತಳೆ ಬೆಲ್ಟು ಪಡೆದವಳು. ಆಮೇಲೆ ಕಾವ್ಯಶ್ರೀ ಎಲ್ಲರನ್ನೂ ಕುದುರೆಯ ಮೇಲೆ ಕೂತ ಹಾಗೆ ಮೊಣಕಾಲು ಬಗ್ಗಿಸಿ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ತೊಡೆ ತಾನಾಗಿ ನಡುಗತೊಡಗಿತು. ಮನೆಗೆ ಹೋಗಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದರು. ಆದರೆ ಆ ರಾತ್ರಿ ಎರಡು ರೊಟ್ಟಿ ಹೆಚ್ಚು ಹಾಕಿಸಿಕೊಂಡು, ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹೋದರು. ಎಷ್ಟೋ ವರ್ಷಗಳಿಂದ ಅಂಥ ನಿದ್ದೆ ಬಂದಿರಲಿಲ್ಲ.

ಮುಂದಿನ ತರಗತಿಗೂ ನಿಂತರು. ಅದರ ಮುಂದಿನದಕ್ಕೂ ನಿಂತರು. ಹೆಂಡತಿ ಲಕ್ಷ್ಮೀದೇವಿ ಯಾಕೆ ತಡ ಎಂದು ಕೇಳಿದಾಗ ಆಡಿಟ್ ನಡೆಯುತ್ತಿದೆ ಎಂದರು. ಕರಾಟೆ ಎನ್ನಲು ನಾಲಿಗೆ ಹೊರಳಲಿಲ್ಲ. ಅವರ ಭಾವಮೈದನೊಬ್ಬನಿದ್ದ, ನಗುವುದಕ್ಕೇ ಹುಟ್ಟಿದವನು. ಅವನ ಕಿವಿಗೆ ಬಿದ್ದರೆ ಮುಂದಿನ ಹಬ್ಬದವರೆಗೆ ಬೇರೆ ಮಾತೇ ಇರುವುದಿಲ್ಲ. ಕಾವ್ಯಶ್ರೀ ಮಕ್ಕಳಿಗೆಂದು ಬಿಳಿ ಉಡುಪು ತರಿಸಿದಾಗ ಇವರೂ ಸದ್ದಿಲ್ಲದೆ ಒಂದು ಜೊತೆ ತರಿಸಿಕೊಂಡರು. ಅದನ್ನು ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಹಳೆಯ ಫೈಲುಗಳ ಹಿಂದೆ ಇಟ್ಟರು.

ಇಷ್ಟರಲ್ಲಿ ಚೌಡಕ್ಕನೂ ಸೇರಿದಳು.

ಚೌಡಕ್ಕ ಶಾಲೆಯ ಬಿಸಿಯೂಟದ ಅಡುಗೆಯವಳು. ಎತ್ತರದ ಆಳು, ಗಟ್ಟಿ ತೋಳು. ಊಟದ ಗಂಟೆ ಹೊಡೆಯದಿದ್ದರೂ ನಡೆಯುತ್ತಿತ್ತು, ಅವಳು ಕೂಗಿದರೆ ಮೂಲೆಯ ತರಗತಿಯವರೆಗೆ ಕೇಳಿಸುತ್ತಿತ್ತು. ಸಂಜೆ ಪಾತ್ರೆ ತೊಳೆದು ಬೋರಲು ಹಾಕುತ್ತ ಅಡುಗೆ ಮನೆಯ ಬಾಗಿಲಿಂದಲೇ ಅವಳು ಕರಾಟೆಯನ್ನು ತಿದ್ದುತ್ತಿದ್ದಳು. ಆ ಹುಡುಗನ ಕಾಲು ಮೇಲೆ ಏಳುತ್ತಿಲ್ಲ, ಈ ಹುಡುಗಿ ಸೊಂಟ ತಿರುಗಿಸುತ್ತಿಲ್ಲ ಎಂದು ಒಂದೊಂದಾಗಿ ಕೂಗಿ ಹೇಳುತ್ತಿದ್ದಳು. ಒಂದು ದಿನ ಕಾವ್ಯಶ್ರೀ ತರಗತಿ ನಿಲ್ಲಿಸಿ, ನೀವೇ ಬಂದು ತೋರಿಸಿ ಚೌಡಕ್ಕ ಎಂದಳು. ಮಕ್ಕಳು ಹೋ ಎಂದರು. ಚೌಡಕ್ಕ ಕೈ ಒರೆಸಿಕೊಂಡು, ಸೆರಗು ಬಿಗಿದು ಬಂದೇಬಿಟ್ಟಳು. ಕಾಲು ಎತ್ತಿದಳು, ಸೀರೆ ಹಿಡಿಯಿತು, ಧೊಪ್ಪೆಂದು ಕೂತಳು. ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ಮುಂದಿನ ತರಗತಿಗೆ ಮಗಳ ಹಳೆಯ ಚೂಡಿದಾರ್ ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ನಿಂತಳು.

ಹೊಡೆತದ ಜೊತೆ ಹೊಟ್ಟೆಯಿಂದ ಒಂದು ಕೂಗು ಹಾಕಬೇಕು ಎಂದು ಕಾವ್ಯಶ್ರೀ ಮಿಸ್ ಹೇಳಿಕೊಟ್ಟಾಗ ಚೌಡಕ್ಕ ಹಾಕಿದ ಕೂಗಿಗೆ ಹೊಂಗೆ ಮರದ ಕಾಗೆಗಳೆಲ್ಲ ಎದ್ದು ಹೋದವು. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಿಸ್ ಜಪಾನಿ ಭಾಷೆಯಲ್ಲಿ ಎಣಿಸಿದರೆ ಇವಳು ಜೊತೆಗೇ ಒಂದು, ಎಲ್ಡು, ಮೂರು ಎನ್ನುತ್ತಿದ್ದಳು. ಕ್ರಮೇಣ ಮಕ್ಕಳೂ ಎಲ್ಡು ಎನ್ನತೊಡಗಿದರು.

ಕಷ್ಟ ಶುರುವಾದದ್ದು ಜೋಡಿ ಅಭ್ಯಾಸದಲ್ಲಿ. ಒಬ್ಬರು ಮುಖಕ್ಕೆ ಗುರಿಯಿಟ್ಟು ಮುಷ್ಟಿ ಬೀಸಬೇಕು, ತಾಗುವ ಮೊದಲೇ ನಿಲ್ಲಿಸಬೇಕು. ಎದುರಿನವರು ಕಣ್ಣಿಟ್ಟು ನೋಡಿ ಕೈ ಎತ್ತಿ ತಡೆಯಬೇಕು. ಎತ್ತರಕ್ಕೆ ಎತ್ತರ ಹೊಂದಬೇಕಲ್ಲ, ಮಕ್ಕಳ ನಡುವೆ ದೊಡ್ಡವರು ಇಬ್ಬರೇ. ನಾಗರಾಜಪ್ಪನವರ ಎದುರು ಚೌಡಕ್ಕ ಬಂದು ನಿಂತಳು. ಇಬ್ಬರೂ ಬಗ್ಗಿ ನಮಸ್ಕಾರ ಮಾಡಿದರು. ದಿನಾ ಮಧ್ಯಾಹ್ನ ಅನ್ನ ಬಡಿಸುವಾಗ ನೋಡುವ ಮುಖವೇ, ಆದರೆ ಮುಷ್ಟಿಯ ಹಿಂದೆ ಅದು ಬೇರೆ ಥರ ಕಾಣುತ್ತಿತ್ತು. ಮಿಸ್ ಎಣಿಸಿದಳು. ನಾಗರಾಜಪ್ಪನವರ ಕಣ್ಣು ಮುಚ್ಚಿಕೊಂಡಿತು. ಕೈ ಮೇಲೇಳಲಿಲ್ಲ. ಚೌಡಕ್ಕನ ಮುಷ್ಟಿ ನಿಲ್ಲಲಿಲ್ಲ.

ಅವರು ಕಣ್ಣು ತೆರೆದಾಗ ನೆಲದ ಮೇಲೆ ಕೂತಿದ್ದರು. ಕೆಳತುಟಿ ಒಡೆದು ಬಿಳಿ ಉಡುಪಿನ ಎದೆಯ ಮೇಲೆ ರಕ್ತ ತೊಟ್ಟಿಕ್ಕಿತ್ತು. ಚೌಡಕ್ಕ ಅಡುಗೆ ಮನೆಗೆ ಓಡಿ ಕಾಫಿಪುಡಿ ತಂದು ತುಟಿಗೆ ಒತ್ತಿದಳು.

"ನಿಲ್ಲಸ್ಬೇಕು ಅಂತಾನೇ ಇದ್ದೆ ನಾಗರಾಜಪ್ಪಾರೆ. ಕೈ ಮಾತು ಕೇಳ್ಲಿಲ್ಲ. ಅನ್ನ ತಿರುವಿ ತಿರುವಿ ಇದು ನನ್ ಕೈಯಾಗೇ ಇಲ್ಲ" ಎಂದಳು.

ಕಾವ್ಯಶ್ರೀ ಇಬ್ಬರನ್ನೂ ಬೈಯಲಿಲ್ಲ. ಗಾಯ ನೋಡಿ, ಹಲ್ಲು ಅಲ್ಲಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಪಕ್ಕದಲ್ಲೇ ಕೂತಳು.

"ಹೊಡೆಯಾಕೆ ಎಲ್ಲರಿಗೂ ಬರುತ್ತೆ ಚೌಡಕ್ಕ, ನಾವು ಕಲಿಸೋದು ನಿಲ್ಲಸಾಕೆ. ಸರ್, ನೀವು ಕಣ್ಣು ಬಿಟ್ಟಿದ್ರೆ ಕೈ ತಾನಾಗೇ ಏಳ್ತಿತ್ತು. ಇದ್ರಾಗೆ ಇಬ್ಬರದೂ ಪಾಲೈತೆ."

ನಾಗರಾಜಪ್ಪ ತಲೆಯಾಡಿಸಿದರು. ನೋವಿಗಿಂತ ಹೆಚ್ಚಾಗಿ ಅವರಿಗೆ ಆಶ್ಚರ್ಯವಾಗಿತ್ತು. ಜೀವಮಾನವಿಡೀ ಯಾವುದಕ್ಕೆ ಹೆದರಿ ಕಣ್ಣು ಮುಚ್ಚಿದ್ದರೋ ಅದು ಕೊನೆಗೂ ಬಂದು ತಾಗಿತ್ತು, ತಾವಿನ್ನೂ ಇಲ್ಲೇ ಕೂತಿದ್ದರು, ಕಾಫಿಪುಡಿ ಕಹಿಯಾಗಿತ್ತು.

ಮನೆಯಲ್ಲಿ ಬೀರುವಿನ ಬಾಗಿಲು ತಾಗಿತು ಎಂದರು. ಮರುದಿನ ಮೇಷ್ಟ್ರುಗಳು ಕೇಳಿದಾಗಲೂ ಬೀರುವಿನ ಬಾಗಿಲೇ. ಆದರೆ ಆ ಸಂಜೆ ಕಾಂಪೌಂಡಿನ ಆಚೆ ಬೈಕಿನಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ಚೌಡಕ್ಕ ಕೈ ಬೀಸಿದ್ದನ್ನೂ ಗುಮಾಸ್ತರು ಉರುಳಿದ್ದನ್ನೂ ಕಂಡಿದ್ದರು. ಮರ ಅಡ್ಡವಾಗಿ ಬಿಳಿ ಉಡುಪಾಗಲಿ ಮಕ್ಕಳ ಸಾಲಾಗಲಿ ಅವರಿಗೆ ಕಂಡಿರಲಿಲ್ಲ. ಬಸ್ ನಿಲ್ದಾಣದ ಹೋಟೆಲಿಗೆ ಹೋಗಿ ಟೀ ಕುಡಿಯುತ್ತ ಕಂಡದ್ದನ್ನು ಹೇಳಿದರು. ಎರಡನೇ ಟೀ ಹೊತ್ತಿಗೆ ಅದಕ್ಕೊಂದು ಕಾರಣವೂ ಹುಟ್ಟಿತು. ಸಾಂಬಾರು ನೀರಾಗಿದೆ ಎಂದು ಗುಮಾಸ್ತರು ದೂರು ಹೇಳಿದರಂತೆ, ಅಡುಗೆಯವಳು ಬಾಯಿಗೇ ಗುದ್ದಿದಳಂತೆ. ಚೌಡಕ್ಕನ ದನಿಯನ್ನು ಒಮ್ಮೆ ಕೇಳಿದವರಿಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ತಿಪ್ಪೇಶಪ್ಪ ಎಂಬ ಮೆಕ್ಕೆಜೋಳದ ವ್ಯಾಪಾರಿ. ಕೆಟ್ಟವರಲ್ಲ, ಆದರೆ ಪಂಚಾಯ್ತಿ ಮಾಡುವುದೆಂದರೆ ಅವರಿಗೆ ಹಬ್ಬದೂಟ. ಅವರ ತಮ್ಮನ ಸೊಸೆ ಅಡುಗೆ ಕೆಲಸಕ್ಕೆ ಕಾಯುತ್ತಿದ್ದಳು ಎಂದೂ ಕೆಲವರು ಹೇಳುತ್ತಿದ್ದರು. ಇರಬಹುದು, ಇಲ್ಲದಿರಬಹುದು. ಶನಿವಾರ ಶಾಲೆ ಬಿಟ್ಟ ಮೇಲೆ ಸಭೆ ಕರೆಯುವಂತೆ ಅವರು ಹೆಡ್‌ಮೇಡಂಗೆ ಫೋನ್ ಮಾಡಿದರು. ನೌಕರನ ಮೇಲೆ ಕೈ ಮಾಡಿದವಳನ್ನು ಮಕ್ಕಳ ನಡುವೆ ಇಟ್ಟುಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆ.

ಶನಿವಾರ ಬೆಳಗ್ಗೆ ಚೌಡಕ್ಕ ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ದನಿ ತಗ್ಗಿಸಿದ್ದಳು. ಹಾಗೆ ಮಾತನಾಡಲು ಅವಳಿಗೆ ಬರುತ್ತದೆಂದು ನಾಗರಾಜಪ್ಪನವರಿಗೆ ಗೊತ್ತಿರಲಿಲ್ಲ.

"ನೀವು ಕರಾಟೆ ಕಲಿಯಾದು ಮನ್ಯಾಗೂ ಹೇಳಿಲ್ಲ ಅಂತ ಮಾಲಾ ಹೇಳಿದ್ಲು. ಹೇಳಬ್ಯಾಡ್ರಿ. ಬೀರು ತಾಗ್ತು ಅಂತಾನೇ ಅನ್ರಿ. ನನಗೊಂದು ದಾರಿ ಆಗ್ತೈತೆ."

ಅಷ್ಟು ಹೇಳಿ ಹೊರಟುಹೋದಳು. ಅಡುಗೆ ಮನೆಯಿಂದ ಅಂದು ಯಾವ ಕೂಗೂ ಕೇಳಲಿಲ್ಲ. ಊಟದ ಹೊತ್ತಿಗೆ ಮಕ್ಕಳು ತಾವಾಗಿ ಬಂದು ಸಾಲು ನಿಂತರು. ನಾಗರಾಜಪ್ಪನವರ ಅನ್ನ ತಟ್ಟೆಯಲ್ಲೇ ಉಳಿಯಿತು.

ಸಭೆ ಹೆಡ್‌ಮೇಡಂ ಕೋಣೆಯಲ್ಲಿ ಸೇರಿತು. ತಿಪ್ಪೇಶಪ್ಪ ನಡುವಿನ ಕುರ್ಚಿಯಲ್ಲಿ ಕೂತಿದ್ದರು, ಅಕ್ಕಪಕ್ಕ ಸಮಿತಿಯ ನಾಲ್ಕೈದು ಜನ. ಚೌಡಕ್ಕ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅಧ್ಯಕ್ಷರು ಗುಮಾಸ್ತರನ್ನು ಎದುರು ಕೂರಿಸಿಕೊಂಡು, ನಡೆದದ್ದನ್ನು ಹೇಳಿ ಎಂದು ಅಕ್ಕರೆಯಿಂದ ಕೇಳಿದರು. ನಾಗರಾಜಪ್ಪ ಬೀರುವಿನ ಬಾಗಿಲು ಎಂದರು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆದರಬ್ಯಾಡ್ರಿ. ನಾವೆಲ್ಲ ಅದೀವಲ್ಲ ಹಿಂದೆ. ಆಕೆ ಏನ್ ಮಾಡ್ಕಂತಾಳೆ?" ಎಂದರು ತಿಪ್ಪೇಶಪ್ಪ.

ಹೆದರಿಲ್ಲ ಎಂದು ನಾಗರಾಜಪ್ಪ ಹೇಳಿದರು. ಹೇಳುವಾಗ ದನಿ ನಡುಗಿತು, ಅದು ಯಾವಾಗಲೂ ನಡುಗುತ್ತಿತ್ತು. ಆದರೆ ಅಲ್ಲಿ ಕೂತವರಿಗೆ ಅದೇ ಸಾಕ್ಷಿಯಾಯಿತು. ನಾಗರಾಜಪ್ಪ ಬೀರು ಎಂದಷ್ಟೂ ಪಾಪದ ಮನುಷ್ಯ ಎಷ್ಟು ಬೆದರಿದ್ದಾನೆ ನೋಡಿ ಎಂಬಂತೆ ಸಮಿತಿಯವರು ತಲೆಯಾಡಿಸಿದರು. ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸುತ್ತ ಕೂತಿದ್ದರು. ಅವರು ಸಂಜೆ ಬೇಗ ಮನೆಗೆ ಹೋಗುವವರು. ದೊಡ್ಡವರಿಬ್ಬರು ಮಕ್ಕಳ ಸಾಲಿನಲ್ಲಿ ನಿಲ್ಲುವುದು ಅವರಿಗೂ ಗೊತ್ತಿರಲಿಲ್ಲ. ಮಕ್ಕಳನ್ನು ಯಾರೂ ಕೇಳಿರಲಿಲ್ಲ, ಕಾವ್ಯಶ್ರೀ ಬರುವ ದಿನವೂ ಅದಲ್ಲ. ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಹಾಗಿದ್ದರೆ ಸೋಮವಾರದಿಂದ ಅಡುಗೆಗೆ ಬೇರೆ ಏರ್ಪಾಡು ಮಾಡಿಬಿಡೋಣ ಎಂದರು.

ನಾಗರಾಜಪ್ಪ ಚೌಡಕ್ಕನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಅವಳ ಪಾಲಿಗೆ ಎಲ್ಲ ಸರಿಹೋಗುತ್ತಿತ್ತು. ಇವರ ಮಾನ ಕಾಯಲೆಂದು ಅವಳು ಸುಮ್ಮನೆ ನಿಂತಿದ್ದಳು. ನಾಗರಾಜಪ್ಪನವರಿಗೆ ಮುಖ ಬಿಸಿಯಾಯಿತು. ಎದ್ದರು. ಒಂದು ನಿಮಿಷ ಬಂದೆ ಎಂದು ಹೇಳಿ ಹೊರಗೆ ಹೋದರು. ಪಕ್ಕದ ಕೋಣೆಯಲ್ಲಿ ಬೀರುವಿನ ಬಾಗಿಲು ಕಿರ್ರೆಂದದ್ದು ಎಲ್ಲರಿಗೂ ಕೇಳಿಸಿತು. ದಾಖಲೆ ತರುತ್ತಾರೇನೋ ಎಂದು ತಿಪ್ಪೇಶಪ್ಪ ನೆಟ್ಟಗೆ ಕೂತರು.

ನಾಗರಾಜಪ್ಪ ವಾಪಸು ಬಂದಾಗ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬಿಳಿಯ ಕರಾಟೆ ಕೋಟು ತೊಟ್ಟಿದ್ದರು. ಎದೆಯ ಮೇಲೆ ತೊಳೆದರೂ ಹೋಗದ ಕಂದು ಕಲೆ. ಬಿಳಿ ಬೆಲ್ಟನ್ನು ಅವಸರದಲ್ಲಿ ಪಂಚೆಯ ಗಂಟಿನಂತೆ ಕಟ್ಟಿದ್ದರಿಂದ ಒಂದು ತುದಿ ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಒಳಗಿನ ಅಂಗಿಯ ಜೇಬಿನಲ್ಲಿ ಪೆನ್ನು ಹಾಗೇ ಇತ್ತು.

"ನಾನು ಕರಾಟೆ ಕಲೀತಾ ಇದೀನಿ" ಎಂದರು. "ಚೌಡಕ್ಕ ನನ್ನ ಜೋಡಿ. ಕೈ ಎತ್ತಿ ತಡೀಬೇಕಿತ್ತು, ನಾನು ಕಣ್ಣು ಮುಚ್ಕಂಡೆ. ಅದಕ್ಕೇ ತಾಗ್ತು. ಸಾಂಬಾರು ಚೆನ್ನಾಗೇ ಇರ್ತೈತೆ."

ಮೂಲೆಯಲ್ಲಿ ಕೂತಿದ್ದ ಸದಸ್ಯನೊಬ್ಬ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಅವನ ಭುಜ ಕುಲುಕುತ್ತಿತ್ತು. ತಿಪ್ಪೇಶಪ್ಪನವರಿಗೆ ನಂಬಿಕೆ ಬರಲಿಲ್ಲ. ಈ ವಯಸ್ಸಿನಲ್ಲಿ, ಈ ಮನುಷ್ಯ, ಅದೂ ಅಡುಗೆಯವಳ ಜೊತೆ. ಅವಳೇ ಹೀಗೆ ಹೇಳಿಸುತ್ತಿರಬಹುದು ಎಂದು ಅವರಿಗೆ ಅನುಮಾನ. ನಿಜವಾಗಿ ಕಲಿಯುತ್ತಿದ್ದರೆ ಇಲ್ಲೇ ಮಾಡಿ ತೋರಿಸಿ ನೋಡೋಣ ಎಂದರು.

ನಾಗರಾಜಪ್ಪ ಕೋಣೆಯ ನಡುವೆ ನಿಂತು ಚೌಡಕ್ಕನನ್ನು ಕರೆದರು. ಅವಳು ತಲೆಯಲ್ಲಾಡಿಸಿದಳು. ಆಗಿದ್ದು ಸಾಕು, ಬೇಡ ಎಂದಳು. ತುಟಿ ಒಡೆದ ದಿನದಿಂದ ಅವಳು ಯಾರ ಎದುರೂ ಮುಷ್ಟಿ ಬೀಸಿರಲಿಲ್ಲ. ಅಡುಗೆ ಮನೆಯಲ್ಲಿ ಒಬ್ಬಳೇ ಇದ್ದಾಗ ಗೋಡೆಯ ಮುಂದೆ ನಿಂತು ಕೈ ಬೀಸಿ ನಿಲ್ಲಿಸಿ ನೋಡುತ್ತಿದ್ದಳು. ಒಮ್ಮೊಮ್ಮೆ ನಿಲ್ಲುತ್ತಿತ್ತು, ಒಮ್ಮೊಮ್ಮೆ ಸುಣ್ಣ ಕೈಗೆ ಹತ್ತುತ್ತಿತ್ತು. ಗೆಣ್ಣುಗಳ ಮೇಲೆ ತರಚಿದ ಗುರುತುಗಳಿದ್ದವು. ನಾಗರಾಜಪ್ಪ ಅದನ್ನು ಕಂಡರು.

"ಬರ್ರಿ ಚೌಡಕ್ಕ. ತಾಗಿದ್ರೂ ನಡೀತೈತೆ. ಒಂದ್ಸಲ ತಾಗ್ಸಿಕೊಂಡೀನಿ" ಎಂದರು.

ಅವಳು ಬಂದು ನಿಂತಳು. ಸೆರಗು ಸಿಕ್ಕಿಸಿದಳು. ಇಬ್ಬರೂ ಬಗ್ಗಿ ನಮಸ್ಕರಿಸಿದರು. ಹಾಗೆ ಬಗ್ಗಿದ್ದನ್ನು ಕಂಡು ಟವೆಲಿನವನ ನಗು ನಿಂತಿತು. ನಾಗರಾಜಪ್ಪ ಈ ಸಲ ಕಣ್ಣು ಬಿಟ್ಟೇ ಇರಬೇಕೆಂದು ಗಟ್ಟಿಮಾಡಿಕೊಂಡರು. ಚೌಡಕ್ಕ ಉಸಿರೆಳೆದುಕೊಂಡಳು. ಅವಳ ಕೂಗಿಗೆ ಮೇಜಿನ ಮೇಲಿನ ಟೀ ಲೋಟಗಳು ಗಲಗುಟ್ಟಿದವು. ಮುಷ್ಟಿ ಹೊರಟಿದ್ದನ್ನು ನಾಗರಾಜಪ್ಪ ಕಂಡರು. ಅದು ದೊಡ್ಡದಾಗುತ್ತ ಬಂದಿದ್ದನ್ನು ಕಂಡರು. ಅಷ್ಟು ಹೊತ್ತು ಅವರು ಹಿಂದೆಂದೂ ಕಂಡಿರಲಿಲ್ಲ. ಆಮೇಲೆ ರೆಪ್ಪೆಗಳು ತಮ್ಮ ಹಳೆಯ ಚಾಳಿಯಂತೆ ಮುಚ್ಚಿಕೊಂಡವು. ಮೀಸೆಗೆ ಗಾಳಿ ಬಡಿಯಿತು. ಅಷ್ಟೇ, ಮತ್ತೇನೂ ಆಗಲಿಲ್ಲ.

ಕಣ್ಣು ತೆರೆದಾಗ ಮುಷ್ಟಿ ಮೂಗಿನ ಮುಂದೆ ನಿಂತಿತ್ತು. ಈರುಳ್ಳಿಯ ವಾಸನೆ ಬರುತ್ತಿತ್ತು. ಅದರ ಹಿಂದೆ ಚೌಡಕ್ಕನ ಕಣ್ಣುಗಳು ತುಂಬಿಕೊಂಡಿದ್ದವು. ನಿಂತದ್ದು ಕಂಡು ಅವಳಿಗೇ ನಂಬಿಕೆಯಾಗಿರಲಿಲ್ಲ.

ನಾಗರಾಜಪ್ಪ ತಿರುಗಿ ನೋಡಿದರೆ ಅಧ್ಯಕ್ಷರು ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, ಕುರ್ಚಿಯ ಹಿಂದಕ್ಕೆ ಒತ್ತಿಕೊಂಡಿದ್ದರು. ಟವೆಲಿನವನೂ ಅಷ್ಟೇ. ಹೆಡ್‌ಮೇಡಂ ಒಬ್ಬರೇ ಸಾವರಿಸಿಕೊಂಡು ನಗುತ್ತ, ತಮ್ಮ ಕಣ್ಣೂ ಮುಚ್ಚಿಹೋಯಿತು ಎಂದು ಒಪ್ಪಿಕೊಂಡರು. ಅಲ್ಲಿಗೆ ಯಾರೋ ತಡೆಯಲಾರದೆ ನಕ್ಕರು, ಉಳಿದವರೂ ಸೇರಿದರು, ಕೊನೆಗೆ ತಿಪ್ಪೇಶಪ್ಪನವರೂ ಬೇರೆ ದಾರಿ ಕಾಣದೆ ನಕ್ಕರು. ಸಭೆಯ ವಿಷಯ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಹೊರಡುವಾಗ ಅಧ್ಯಕ್ಷರು ನಾಗರಾಜಪ್ಪನವರನ್ನು ಪಕ್ಕಕ್ಕೆ ಕರೆದು, ಇದರಿಂದ ಸೊಂಟ ನೋವು ಕಡಿಮೆಯಾಗುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದರು.

ನಾಗರಾಜಪ್ಪ ಮನೆಗೆ ಬರುವ ಮೊದಲೇ ಸುದ್ದಿ ಮನೆಗೆ ಬಂದಿತ್ತು. ಲಕ್ಷ್ಮೀದೇವಿ ಬಾಗಿಲಲ್ಲೇ ನಿಂತಿದ್ದರು. ಅವರ ಸಿಟ್ಟು ಕರಾಟೆಗಲ್ಲ. ಆಡಿಟ್ ಎಂದು ನಂಬಿ, ಪಾಪ ಎಷ್ಟು ದುಡಿಯುತ್ತಾರೆ ಎಂದು ದಿನಾ ತುಪ್ಪ ಹಾಕಿ ಬಡಿಸಿದ್ದರಲ್ಲ, ಆ ತುಪ್ಪಕ್ಕೆ ಅವರ ಸಿಟ್ಟು. ನಾಗರಾಜಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಮಾತು ಮುಗಿದ ಮೇಲೆ ಲಕ್ಷ್ಮೀದೇವಿ ಏನು ಕಲಿತಿದ್ದೀರಿ ತೋರಿಸಿ ಎಂದರು. ಅವರು ಪಡಸಾಲೆಯಲ್ಲಿ ಕುದುರೆ ಸವಾರನಂತೆ ನಿಂತು ಎರಡು ಗುದ್ದು ಗಾಳಿಗೆ ಹೊಡೆದರು. ಲಕ್ಷ್ಮೀದೇವಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿಸಿ, ಕೂಗು ಹಾಕಬೇಕಲ್ಲ, ಅದೆಲ್ಲಿ ಎಂದು ಕೇಳಿದರು. ಪಕ್ಕದ ಮನೆಯವರಿಗೆ ಕೇಳಿಸುತ್ತದೆ ಎಂದರು ನಾಗರಾಜಪ್ಪ. ಭಾವಮೈದನ ಫೋನು ರಾತ್ರಿ ಊಟದ ಹೊತ್ತಿಗೇ ಬಂತು. ಅವನು ನಗುವಷ್ಟು ನಗಲಿ ಎಂದು ಫೋನನ್ನು ಮೇಜಿನ ಮೇಲಿಟ್ಟು ಊಟ ಮುಂದುವರಿಸಿದರು.

ಆಮೇಲೆ ಹೊಂಗೆ ಮರದ ಹಿಂದೆ ನಿಲ್ಲುವ ಅಗತ್ಯ ಉಳಿಯಲಿಲ್ಲ. ನಾಗರಾಜಪ್ಪ ಎರಡನೇ ಸಾಲಿಗೆ ಬಂದರು.

ಬೇಸಿಗೆ ರಜಕ್ಕೆ ಮುಂಚೆ ಚನ್ನಗಿರಿಯಲ್ಲಿ ಬೆಲ್ಟು ಪರೀಕ್ಷೆ ಎಂದು ಕಾವ್ಯಶ್ರೀ ಹೇಳಿದಳು. ಸುತ್ತಲಿನ ಊರುಗಳಿಂದೆಲ್ಲ ಮಕ್ಕಳು ಬರುತ್ತಾರೆ, ಪಾಸಾದ ಹೊಸಬರಿಗೆ ಹಳದಿ ಬೆಲ್ಟು. ಭಾನುವಾರ ಬೆಳಗ್ಗೆ ಮಕ್ಕಳ ಹಿಂಡಿನ ಜೊತೆ ಇಬ್ಬರೂ ಬಸ್ಸು ಹತ್ತಿದರು. ಚೌಡಕ್ಕ ಒಂದು ಬುಟ್ಟಿ ಚಪಾತಿ ಮಾಡಿ ತಂದಿದ್ದಳು. ಪರೀಕ್ಷೆ ನಡೆಯುವ ಕಲ್ಯಾಣ ಮಂಟಪದ ಬಾಗಿಲಲ್ಲಿ ಸ್ವಯಂಸೇವಕನೊಬ್ಬ ಅವರನ್ನು ತಡೆದು, ಪೋಷಕರೆಲ್ಲ ಹೊರಗೆ ಕೂರಬೇಕು ಎಂದ. ನಾಗರಾಜಪ್ಪ ಬ್ಯಾಗಿನಿಂದ ಬಿಳಿ ಉಡುಪು ತೆಗೆದು ತೋರಿಸಿದರು. ಅವನು ಅದನ್ನೂ ಅವರ ಮುಖವನ್ನೂ ಎರಡೆರಡು ಸಲ ನೋಡಿ ದಾರಿ ಬಿಟ್ಟ.

ಪರೀಕ್ಷಕರು ಶಿವಮೊಗ್ಗದಿಂದ ಬಂದ ಹಿರಿಯರು. ನಗು ಅವರ ಮುಖಕ್ಕೆ ಹತ್ತಿರ ಸುಳಿಯುವಂತಿರಲಿಲ್ಲ. ಒದೆತ, ಹೊಡೆತ, ನಿಲುವು ಎಲ್ಲ ಒಂದೊಂದಾಗಿ ಮುಗಿದವು. ನಾಗರಾಜಪ್ಪನವರ ಕಾಲು ಹೆಚ್ಚು ಮೇಲೆ ಏಳದಿದ್ದರೂ ನಡುಗಲಿಲ್ಲ. ಹೆಜ್ಜೆಗಳ ಸರಣಿಯಲ್ಲಿ ಚೌಡಕ್ಕ ಒಮ್ಮೆ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ ಜಗಳೂರಿನಿಂದ ಬಂದಿದ್ದ ಹುಡುಗನೊಬ್ಬನ ಎದುರಿಗೆ ಹೋಗಿ ನಿಂತಳು. ತಪ್ಪಾಯ್ತು ಕಣಪ್ಪ ಎಂದು ಅವನ ತಲೆ ಸವರಿ ವಾಪಸು ಬಂದು ಮೊದಲಿನಿಂದ ಮಾಡಿದಳು. ಪರೀಕ್ಷಕರು ತಡೆಯಲಿಲ್ಲ.

ಜೋಡಿ ಅಭ್ಯಾಸ ಕೊನೆಯದು. ಚೌಡಕ್ಕನ ಮುಷ್ಟಿ ಎಣಿಸಿದಷ್ಟು ಸಲವೂ ಬಂದು, ಮೂಗಿನ ಮುಂದೆ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಪರೀಕ್ಷಕರು ಹತ್ತಿರ ಬಂದು ಬಗ್ಗಿ ನೋಡಿ ಒಮ್ಮೆ ಹೂಂ ಎಂದರು. ನಾಗರಾಜಪ್ಪನವರ ಕೈ ಕೆಲವು ಸಲ ಸರಿಯಾಗಿ ಎದ್ದಿತು. ಕೊನೆಕೊನೆಗೆ ರೆಪ್ಪೆಗಳು ಮತ್ತೆ ಕೈಕೊಟ್ಟವು.

ಫಲಿತಾಂಶ ಓದಿದಾಗ ಚೌಡಕ್ಕನಿಗೆ ಹಳದಿ ಬೆಲ್ಟು ಬಂದಿತ್ತು. ನಾಗರಾಜಪ್ಪನವರಿಗೆ ಇನ್ನೊಮ್ಮೆ ಬನ್ನಿ ಎಂದರು. ಆ ಹಿರಿಯರು ಅವರನ್ನು ಪಕ್ಕಕ್ಕೆ ಕರೆದು, ಬಿಳಿ ಬೆಲ್ಟಿಗೆ ಅವಸರವಿಲ್ಲ, ನಾನು ನಿಮ್ಮಷ್ಟು ತಡವಾಗಿ ಶುರು ಮಾಡಿದ್ದರೆ ಹೆದರಿ ಓಡಿಹೋಗುತ್ತಿದ್ದೆ ಎಂದರು. ಅದು ಹೊಗಳಿಕೆಯೋ ಸಮಾಧಾನವೋ ಎಂದು ತಿಳಿಯಲಿಲ್ಲ. ಆದರೆ ನಾಗರಾಜಪ್ಪನವರಿಗೆ ಹೇಳಿಕೊಳ್ಳುವಂಥ ಬೇಜಾರೇನೂ ಆಗಲಿಲ್ಲ. ಶಾಲೆ ಕಾಲೇಜಿನ ಪರೀಕ್ಷೆಗಳಲ್ಲಿ ಎಂದೂ ಫೇಲಾಗದ ಅವರಿಗೆ, ಫೇಲಾದ ಮೇಲೂ ಹೊಟ್ಟೆ ಹಸಿಯುತ್ತದೆ ಎಂಬುದು ಹೊಸ ಸಂಗತಿಯಾಗಿ ಕಂಡಿತು. ಬೇಜಾರೆಲ್ಲ ಚೌಡಕ್ಕನಿಗೇ. ಬೆಲ್ಟು ಕಟ್ಟಿಕೊಳ್ಳದೆ ಮಡಚಿ ಬುಟ್ಟಿಯಲ್ಲಿಟ್ಟಿದ್ದಳು.

"ನಂದೊಂದೇ ಹಳದಿ ಆದ್ರೆ ಹೆಂಗ್ರೀ?" ಎಂದಳು.

"ಕಟ್ಕಳ್ರಿ ಚೌಡಕ್ಕ. ನೀವು ಮುಂದೆ ಇದ್ರೆ ನನಗೂ ಮುಂದಕ್ಕೆ ಬರಾಕೆ ಒಂದು ದಾರಿ ಇರ್ತೈತೆ" ಎಂದರು ನಾಗರಾಜಪ್ಪ.

ಅವಳು ಕಟ್ಟಿಕೊಂಡಳು. ಮಕ್ಕಳು ಚಪ್ಪಾಳೆ ತಟ್ಟಿದರು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಪಕ್ಕದ ಗಾಡಿಯಲ್ಲಿ ಮಂಡಕ್ಕಿ ಮತ್ತು ಬಿಸಿ ಮೆಣಸಿನಕಾಯಿ ಬಜ್ಜಿ ಕಂಡದ್ದೇ ತಡ, ಅಷ್ಟೂ ಮಕ್ಕಳು ಅದನ್ನು ಮುತ್ತಿಕೊಂಡರು. ಎಣ್ಣೆಯದು ತಿನ್ನಬಾರದೆಂದು ತರಗತಿಯಲ್ಲಿ ದಿನಾ ಹೇಳುವ ಕಾವ್ಯಶ್ರೀ ತಾನೇ ಒಂದು ಪೊಟ್ಟಣ ಕೊಂಡು ಆಚೆ ತಿರುಗಿ ನಿಂತು ತಿಂದಳು. ಚೌಡಕ್ಕ ಬಜ್ಜಿ ಕಚ್ಚಿ, ಹಿಟ್ಟು ದಪ್ಪವಾಯಿತು ಎಂದು ಗಾಡಿಯವನಿಗೆ ಹೇಳಿದಳು. ದನಿ ತನ್ನ ಜಾಗಕ್ಕೆ ವಾಪಸು ಬಂದಿತ್ತು.

ಅಷ್ಟರಲ್ಲಿ ನ್ಯಾಮತಿಯ ಬಸ್ಸು ಬಂತು. ಜನ ನುಗ್ಗಿದರು. ನಾಗರಾಜಪ್ಪ ಮಂಡಕ್ಕಿಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ಮಕ್ಕಳಿಗೆಲ್ಲ ಸೀಟು ಹಿಡಿಯಲು ಎಲ್ಲರಿಗಿಂತ ಮುಂದೆ ಓಡಿದರು.